ಲೋಹವಿಷವನ್ನು ಕಾರ್ಖಾನೆಯ ಬಾಗಿಲಲ್ಲೇ ತಡೆಯಬೇಕು
ವೃಷಭಾವತಿಯ ಬಯಲಿನ ಮಹಾಜನರಲ್ಲಿ ವಿಜ್ಞಾಪನೆ



ಬೆಂಗಳೂರಿನಲ್ಲಿ ಹುಟ್ಟಿ, ಕೆಂಗೇರಿಯನ್ನು ಹಾದು, ಬಿಡದಿಯ ಸಮೀಪದ ಬೈರಮಂಗಲದ ಕೆರೆಯನ್ನು ತುಂಬಿ, ಅರ್ಕಾವತಿಯನ್ನು ಕೂಡಿಕೊಂಡು ಸಂಗಮದಲ್ಲಿ ಕಾವೇರಿಗೆ ಸಲ್ಲುವ ವೃಷಭಾವತಿಯು ನಗರದ ಕೊಳಚೆಯನ್ನಷ್ಟೇ ಅಲ್ಲದೆ ಪೀಣ್ಯವೇ ಮೊದಲಾದ ಕೈಗಾರಿಕಾ ಪ್ರದೇಶಗಳ ಲೋಹಮಿಶ್ರಿತ ನೀರನ್ನೂ ಬಹುಕಾಲದಿಂದ ಹೊತ್ತು ತರುತ್ತಿರುವುದು ತಮಗೆ ವಿದಿತವೇ ಆಗಿದೆ. ಕೊಳಚೆಯ ಜೈವಿಕ ಕಲ್ಮಷವಾದರೋ ಸೂಕ್ಷ್ಮಜೀವಿಗಳಿಗೆ ಆಹಾರವಾಗಿ ಕಾಲಕ್ರಮದಲ್ಲಿ ಅಳಿದೀತು. ಕ್ರೋಮಿಯಂ, ಸೀಸ, ಕ್ಯಾಡ್ಮಿಯಂ ಮುಂತಾದ ಭಾರಲೋಹಗಳು ಮೂಲವಸ್ತುಗಳಾದುದರಿಂದ ಕೊಳೆತು ಕರಗುವುವಲ್ಲ, ಸುಟ್ಟರೂ ನಾಶವಾಗುವುವಲ್ಲ. ನೀರಿನಿಂದ ಕೆರೆಯ ಗೋಡಿಗೆ, ಗೋಡಿನಿಂದ ಸೊಪ್ಪಿಗೆ, ಮೇವಿಗೆ ಎಡೆಯನ್ನಷ್ಟೇ ಬದಲಿಸುತ್ತ ಹೋಗುತ್ತವೆ. ಜಪಾನಿನ ಜಿಂಜೂ ನದಿಯ ನೀರನ್ನು ಗದ್ದೆಗೆ ಹಾಯಿಸಿದ ಒಕ್ಕಲು ಜನರು, ಮೇಲ್ಗಡೆಯ ಗಣಿಯಿಂದ ಬಂದ ಕ್ಯಾಡ್ಮಿಯಂ ಅಕ್ಕಿಯ ಮೂಲಕ ಮೈಸೇರಿದುದರಿಂದ, ಕೆಮ್ಮಿದರೂ ಎಲುಬು ಮುರಿಯುವಂಥ ದುರವಸ್ಥೆಗೆ ಈಡಾದರು. ಅಲ್ಲಿನ ಸರ್ಕಾರ ಅದನ್ನು ಒಪ್ಪಿಕೊಂಡದ್ದು 1968ರಲ್ಲಿ, ದಶಕಗಳ ಸಂಕಟದ ಅನಂತರ.

ಕ್ರೋಮ್ ಲೇಪನ ಮಾಡುವ ಸಣ್ಣ ಘಟಕವೊಂದರೊಳಗೆ ಹೋಗಿ ನೋಡಿರಿ. ನಯಗೊಳಿಸಿದ ಕಬ್ಬಿಣದ ಭಾಗವನ್ನು ಕ್ರೋಮಿಕ್ ಆಮ್ಲದ ತೊಟ್ಟಿಯಲ್ಲಿ ಅದ್ದಿ, ಎತ್ತಿ, ಪಕ್ಕದ ತೊಟ್ಟಿಯಲ್ಲಿ ತೊಳೆದೊಡನೆ ಅಲ್ಲಿನ ತಿಳಿನೀರು ಹಳದಿಯಾಗುತ್ತದೆ. ಆ ಹಳದಿಯೇ ಅರ್ಬುದರೋಗಕ್ಕೆ ಕಾರಣವಾಗಬಲ್ಲ ಷಡ್ವೇಲೆನ್ಸಿಯ ಕ್ರೋಮಿಯಂ. ಕುಡಿಯುವ ನೀರಿನಲ್ಲಿ ಲೀಟರಿಗೆ 0.05 ಮಿಲಿಗ್ರಾಮಿಗಿಂತ ಹೆಚ್ಚಿನ ಕ್ರೋಮಿಯಂ ಇರಕೂಡದೆಂಬುದು ಭಾರತೀಯ ಮಾನಕ. ಎಂದರೆ, ಒಂದೇ ಒಂದು ಗ್ರಾಂ ಕ್ರೋಮಿಯಂ 20,000 ಲೀಟರ್ ನೀರನ್ನು ಆ ಮಿತಿಯ ಅಂಚಿಗೆ ತಂದು ನಿಲ್ಲಿಸಬಲ್ಲುದು. ತೊಳೆಯುವ ತೊಟ್ಟಿಯಲ್ಲಿ ಹಿಡಿಯಬಹುದಾಗಿದ್ದುದನ್ನು ಮೋರಿಗೆ ಬಿಟ್ಟು, ಆಮೇಲೆ ಕೆರೆಯಲ್ಲಿಯೂ ಕೊಳವೆಬಾವಿಯಲ್ಲಿಯೂ ಹುಡುಕಹೊರಡುವುದು ಯಾವ ವಿವೇಕ?

ಹಿಡಿಯುವುದಕ್ಕೆ ಬೇಕಾದ ಸಾಧನವೊಂದು ನಮ್ಮ ತೋಟಗಳಲ್ಲೇ ಕಸವಾಗಿ ಬಿದ್ದಿದೆ. ತಿಪಟೂರಿನ ತೆಂಗಿನ ಚಿಪ್ಪು, ಚನ್ನಗಿರಿ ಶಿವಮೊಗ್ಗಗಳ ರಸ್ತೆಯ ಬದಿಯಲ್ಲಿ ರಾಶಿಬಿದ್ದು ಹೊಗೆಯಾಡುವ ಅಡಿಕೆ ಸಿಪ್ಪೆ, ಕೊಡಗಿನ ಕಾಫಿ ಹೊಟ್ಟು, ಇವುಗಳನ್ನು ಗಾಳಿಯಾಡದ ಕುಲುಮೆಯಲ್ಲಿಟ್ಟು 300ರಿಂದ 700 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಬೇಯಿಸಿದರೆ, ಬೂದಿಯಾಗದೆ, ಮೈಯೆಲ್ಲ ಸೂಕ್ಷ್ಮರಂಧ್ರಗಳುಳ್ಳ ಇದ್ದಿಲಾಗುತ್ತವೆ. ಇದನ್ನೇ ಬಯೋಚಾರ್ ಎನ್ನುತ್ತಾರೆ. ಇದು ಬರಿಯ ಜರಡಿಯಲ್ಲ. ಇದರ ಮೈಮೇಲಿನ ಆಮ್ಲಜನಕಯುಕ್ತ ಗುಂಪುಗಳು ಸೀಸ, ಕ್ಯಾಡ್ಮಿಯಂಗಳನ್ನು ಬಂಧಿಸುತ್ತವೆ. ಇದರಲ್ಲಿ ಉಳಿದ ಕ್ಯಾಲ್ಸಿಯಂ, ಪೊಟ್ಯಾಸಿಯಂಗಳು ನೀರಿಗಿಳಿದು ತಮ್ಮ ಸ್ಥಾನವನ್ನು ಲೋಹಕ್ಕೆ ಬಿಟ್ಟುಕೊಡುತ್ತವೆ. ಫಾಸ್ಫೇಟ್, ಕಾರ್ಬೊನೇಟ್‌ಗಳು ಸೀಸವನ್ನು ಕರಗದ ಲವಣವನ್ನಾಗಿಸುತ್ತವೆ. ಹಳದಿಯ ಕ್ರೋಮಿಯಮ್ಮನ್ನಂತೂ ಇದ್ದಿಲು ಅಪಕರ್ಷಿಸಿ, ಅಷ್ಟು ಘೋರವಲ್ಲದ ತ್ರಿವೇಲೆನ್ಸಿಯ ರೂಪಕ್ಕೆ ಇಳಿಸಿ ಹಿಡಿದಿಡುತ್ತದೆ.

ಆದರೆ ಇದನ್ನು ಸರ್ವರೋಗಕ್ಕೂ ಒಂದೇ ಮದ್ದೆಂದು ಸಾರುವವರನ್ನು ನಂಬತಕ್ಕುದಲ್ಲ. ಕ್ರೋಮಿಯಂ ಹಿಡಿಯುವ ಕಾರ್ಯ ಆಮ್ಲೀಯ ನೀರಿನಲ್ಲಿ ಚೆನ್ನಾಗಿ ನಡೆದರೆ, ಸೀಸ ಕ್ಯಾಡ್ಮಿಯಂಗಳದು ಆಮ್ಲತೆ ಇಳಿದ ನೀರಿನಲ್ಲಿ ನಡೆಯುತ್ತದೆ. ಆದುದರಿಂದ ಎಲ್ಲ ತೊಟ್ಟಿಗಳ ನೀರನ್ನೂ ಒಂದೇ ಕಾಲುವೆಗೆ ಬೆರೆಸಿದಲ್ಲಿ ಎರಡೂ ಕೆಡುತ್ತವೆ. ರಾಯಚೂರು, ಯಾದಗಿರಿಗಳ ಕೆಲವು ಗ್ರಾಮಗಳನ್ನು ಬಾಧಿಸುತ್ತಿರುವ ಆರ್ಸೆನಿಕ್ ಋಣವಿದ್ಯುತ್ತಿನ ಅಯಾನಾಗಿ ಇರುವುದರಿಂದ, ಕಬ್ಬಿಣದ ಲೇಪವಿಲ್ಲದ ಸಾಮಾನ್ಯ ಇದ್ದಿಲಿಗೆ ಅದು ಸುಲಭವಾಗಿ ಸಿಕ್ಕುವುದಿಲ್ಲ. ದಟ್ಟವಾದ ಲೋಹದ್ರಾವಣವನ್ನು ಮೊದಲು ಸುಣ್ಣ ಮೊದಲಾದವುಗಳಿಂದ ಗಸಿಗಟ್ಟಿಸಿ, ಅಲ್ಲಿಂದ ತಪ್ಪಿಸಿಕೊಂಡುದನ್ನು ಹಿಡಿಯಲು ಇದ್ದಿಲಿನ ಹಾಸನ್ನಿಡುವುದೇ ಯುಕ್ತಕ್ರಮ. ಮನೆಯ ಬಿಂದಿಗೆಗೆ ಒಂದು ಹಿಡಿ ಇದ್ದಿಲು ಹಾಕಿ ನೀರು ಶುದ್ಧವಾಯಿತೆಂದು ಯಾರೂ ಭ್ರಮಿಸಬಾರದು.

ನಾವು ಒತ್ತಾಯಿಸುವುದು ಇಷ್ಟು: ಒಬ್ಬೊಬ್ಬರೇ ಶುದ್ಧೀಕರಣದ ವೆಚ್ಚವನ್ನು ಭರಿಸಲಾರದ ಸಣ್ಣ ಲೇಪನ ಘಟಕಗಳು ಬಡಾವಣೆಗೊಂದರಂತೆ ಕೂಡಿ ಸಾಮಾನ್ಯ ಸ್ಥಾವರವನ್ನು ಕಟ್ಟಿಕೊಳ್ಳಲಿ, ಕ್ರೋಮಿಯಂ ನೀರಿಗೆ ಬೇರೆಯೇ ಕೊಳವೆ ಇರಲಿ, ಇದ್ದಿಲನ್ನು ತೆಂಗು, ಅಡಿಕೆ ಬೆಳೆಗಾರರ ಸಹಕಾರ ಸಂಘಗಳಿಂದಲೇ ನ್ಯಾಯವಾದ ಬೆಲೆಗೆ ಕೊಳ್ಳಲಿ. ಇದರಲ್ಲಿ ಒಂದು ಮಾತನ್ನು ಮಾತ್ರ ಎಳ್ಳಷ್ಟೂ ಸಡಿಲಿಸಲಾಗದು. ಬಯೋಚಾರ್ ಮಣ್ಣಿಗೆ ಹಿತವೆಂಬ ಮಾತನ್ನು ಕೇಳಿದವರು, ಲೋಹವನ್ನು ಕುಡಿದು ದಣಿದ ಇದ್ದಿಲನ್ನೂ ಗೊಬ್ಬರವೆಂದು ಹೊಲಕ್ಕೆ ಚೆಲ್ಲುವ ಅಪಾಯವುಂಟು. ಇಟ್ಟಿಗೆಗೂಡಿಗೆ ಉರುವಲಾಗಿ ಮಾರುವ ಲೋಭವೂ ಹುಟ್ಟೀತು. ಹೊಲಕ್ಕೆ ಹೋಗುವ ಇದ್ದಿಲು ಬೇರೆ, ತೊಟ್ಟಿಯಿಂದ ಬಂದ ಇದ್ದಿಲು ಬೇರೆ. ಎರಡನೆಯದು ಕಾನೂನಿನ ಪ್ರಕಾರ ಅಪಾಯಕಾರಿ ತ್ಯಾಜ್ಯಕ್ಕೆ ಮೀಸಲಾದ ಭದ್ರ ಕೇಂದ್ರಕ್ಕೇ ಲೆಕ್ಕಸಹಿತ ಹೋಗತಕ್ಕದ್ದು.

ಆದುದರಿಂದ ಕೆಳಹೊಳೆಯ ಪ್ರತಿಯೊಂದು ಗ್ರಾಮಪಂಚಾಯಿತಿಯೂ ಬರುವ ಗ್ರಾಮಸಭೆಯಲ್ಲಿ ನಿರ್ಣಯ ಮಾಡಿ ಮಾಲಿನ್ಯ ನಿಯಂತ್ರಣ ಮಂಡಳಿಗೆ ಕಳುಹಿಸಬೇಕೆಂದು ಬೇಡುತ್ತೇವೆ: ಅಂಥ ಸ್ಥಾವರದ ಹೊರಬಾಗಿಲಲ್ಲಿ, ಒಳಬಂದ ನೀರಿನ ಕ್ರೋಮಿಯಂ ಎಷ್ಟು, ಹೊರಹೋದುದರಲ್ಲಿ ಎಷ್ಟು, ಬಳಸಿದ ಇದ್ದಿಲು ಎಷ್ಟು ಕಿಲೋ ಯಾವ ದಿನ ಎಲ್ಲಿಗೆ ಹೋಯಿತು ಎಂಬುದನ್ನು ವಾರವಾರವೂ ಕನ್ನಡದಲ್ಲಿ ಬರೆದು ತೂಗುಹಾಕತಕ್ಕದ್ದು.