ಅಗಸಿ ಬರೇ ಹಿಂಡಿಗಲ್ಲ

ಪಾಲಬಾವಿ ಕಡೆ ಅಗಸಿ ಅಂದ್ರೆ ಹಿಂಡಿ. ಹಾಸ್ಟೆಲ್‌ಗೆ ಬರುವಾಗ ನಮ್ಮ ಬ್ಯಾಗಿನಲ್ಲೂ ಒಂದು ಡಬ್ಬಿ ಇದ್ದೇ ಇರ್ತದೆ. ಮಾಲ್‌ನಲ್ಲಿ ದುಬಾರಿ ಬೆಲೆಗೆ ತೂಗುಹಾಕಿರೋ ಲಿನನ್ ಅಂಗಿ ಇದೇ ಗಿಡದ ನಾರಿನದು ಅಂತ ಎಷ್ಟು ಜನಕ್ಕೆ ಗೊತ್ತು? ಆ ನಾರು ಬಹುಪಾಲು ಫ್ರಾನ್ಸ್, ಬೆಲ್ಜಿಯಂ ಕಡೆಯಿಂದ ಬರುತ್ತದೆ. ನಮ್ಮಲ್ಲಿ ಕಾಳು ಬಡಿದ ಮೇಲೆ ಕಡ್ಡಿ ತಿಪ್ಪೆಗೆ.

ಹಿತ್ತಲಲ್ಲಿ ಒಂದು ಮಡಿ ನಾರಿಗಾಗಿಯೇ ಬೆಳೆದು ನೋಡಬೇಕು ಅನ್ನೋದು ನಮ್ಮ ವಾದ. ಹಿಂಗಾರಿಯಲ್ಲಿ, ಅಕ್ಟೋಬರ್ ಹೊತ್ತಿಗೆ, ಕಾಳನ್ನು ಒತ್ತಾಗಿ ಚೆಲ್ಲಬೇಕು (ಹುರಿಯದ್ದು, ಮತ್ತೆ!). ವಿರಳವಾದರೆ ಟೊಂಗೆ ಒಡೆದು ಕಾಳು ಜಾಸ್ತಿ, ನಾರು ಗಿಡ್ಡ. ನೀಲಿ ಹೂ ಬಿಟ್ಟು ತಿಂಗಳಾಗಿ ಕಾಂಡ ಹಳದಿಗೆ ತಿರುಗಿದಾಗ ಬೇರುಸಮೇತ ಕೀಳೋದು, ಕೊಯ್ಯೋದಲ್ಲ. ಒಣಗಿಸಿ ನೀರಲ್ಲಿ ಕೊಳೆಹಾಕಿದರೆ ಬ್ಯಾಕ್ಟೀರಿಯಾ ಪೆಕ್ಟಿನ್ ತಿಂದು ನಾರು ಬಿಡಿಸ್ತವೆ. ಹೆಚ್ಚು ದಿನ ಬಿಟ್ಟರೆ ನಾರೂ ಹಾಳು. ವಾಸನೆಯಂತೂ ಕೇಳಬೇಡಿ. ಪುಂಡಿ ಕೊಳೆಹಾಕಿ ಹಗ್ಗ ಹೊಸೆದ ಅಜ್ಜಂದಿರಿಗೆ ಇದೆಲ್ಲ ಗೊತ್ತು. ಯೂಟ್ಯೂಬ್‌ಗಿಂತ ಮೊದಲು ಅವರನ್ನ ಕೇಳೋಣ.

ನಮ್ಮ ತಳಿಗಳು ಎಣ್ಣೆಗಾಗಿ ಆರಿಸಿದವು, ಗಿಡ್ಡ. ಅಂಗಿಯಾಗೋವಷ್ಟು ಉದ್ದ ನಾರು ಸಿಗಲ್ಲ ಅಂತಾರೆ ಗೆಳೆಯರು. ನಿಜ. ಆದರೆ ಹಗ್ಗಕ್ಕೆ, ಕಾಗದಕ್ಕೆ, ಕಾಂಪೋಸಿಟ್‌ಗೆ ಅದೇ ಸಾಕು. ಗ್ಲಾಸ್ ಫೈಬರ್ ಬದಲು ಇದನ್ನ ಎಪಾಕ್ಸಿಯಲ್ಲಿ ಹಾಕಿ ಲ್ಯಾಬ್‌ನ ಯುಟಿಎಂನಲ್ಲಿ ಎಳೆದು ನೋಡಬಹುದು. ಪ್ರತಿವರ್ಷ ಅದೇ ಲೈನ್ ಫಾಲೋವರ್ ರೋಬೋ ಮಾಡೋದಕ್ಕಿಂತ ಈ ಮಿನಿ ಪ್ರಾಜೆಕ್ಟ್ ಎಷ್ಟೋ ವಾಸಿ.

ಕಬ್ಬಿನ ಹೊಲದ ಬದುವಿನಲ್ಲಿ ಹತ್ತಡಿ ಜಾಗ ಕೊಡೋರು ಯಾರಿದ್ದೀರಿ?