ನಿಲ್ಲಬೇಕಾದಾಗ ನಿಲ್ಲುವ ಮದ್ದು

ಚರ್ಮಕ್ಕೆ ಅಂಟಿಸುವ ಇನ್ಸುಲಿನ್ ಪಟ್ಟಿಯ ಸುದ್ದಿ ಬಂದಾಗಲೆಲ್ಲ ‘ಇನ್ನು ಸೂಜಿಯ ನೋವಿಲ್ಲ’ ಎಂಬುದೇ ತಲೆಬರಹ. ಪಟ್ಟಿಯ ನಿಜವಾದ ಬೆಲೆ ಅಲ್ಲಿಲ್ಲ. ಉಸಿರಿನೊಂದಿಗೆ ಎಳೆದುಕೊಳ್ಳುವ ಇನ್ಸುಲಿನ್ ಪುಡಿ ‘ಎಕ್ಸುಬೆರಾ’ವನ್ನು ಫೈಜರ್ ಕಂಪನಿ 2006ರಲ್ಲಿ ಮಾರುಕಟ್ಟೆಗೆ ತಂದು ಮರುವರ್ಷವೇ ಕೈಬಿಟ್ಟಿತು. ನೋವಿರಲಿಲ್ಲ, ಆದರೂ ಕೊಳ್ಳುವವರಿರಲಿಲ್ಲ. ಇನ್ಸುಲಿನ್ ನೆಚ್ಚಿಕೊಂಡವರನ್ನು ಸೂಜಿಗಿಂತ ಹೆಚ್ಚು ಕಾಡುವುದು ಲೆಕ್ಕ: ಎಷ್ಟು ಉಂಡರೆ, ಎಷ್ಟು ನಡೆದರೆ ಎಷ್ಟು ಯೂನಿಟ್? ಒಂದೆರಡು ಹೆಚ್ಚಾದರೂ ಸಕ್ಕರೆ ಇಳಿದು ಬೆವರು, ನಡುಕ. ತೀರಾ ಇಳಿದರೆ ಪ್ರಜ್ಞೆಯೇ ತಪ್ಪುತ್ತದೆ. ರಾತ್ರಿ ನಿದ್ದೆಯಲ್ಲಿ ಹಾಗಾದರೆ ಎಂಬ ಭಯಕ್ಕೆ ಸಕ್ಕರೆಯನ್ನು ಬೇಕೆಂದೇ ತುಸು ಮೇಲಿಟ್ಟುಕೊಳ್ಳುವವರಿದ್ದಾರೆ. ಅದರ ದಂಡವನ್ನು ವರ್ಷಗಳ ನಂತರ ಕಣ್ಣು, ಮೂತ್ರಪಿಂಡಗಳು ತೆರುತ್ತವೆ.

ನಿಕೋಟಿನ್ ಪಟ್ಟಿಯಂತೆ ಇನ್ಸುಲಿನ್ನನ್ನು ಸುಮ್ಮನೆ ಅಂಟಿಸಲಾಗದು. ಚರ್ಮದ ಹೊರಪದರ ದಾಟುವುದು ಸುಮಾರು 500 ಡಾಲ್ಟನ್ ತೂಕದೊಳಗಿನ ಅಣುಗಳು. ಇನ್ಸುಲಿನ್ ಅಣುವಿನದು 5,800. ಅದಕ್ಕೇ ನರ ತಾಗದಷ್ಟು ಮೋಟಾದ ಸೂಕ್ಷ್ಮಸೂಜಿಗಳ ಸಾಲು ಬೇಕಾಯಿತು. ಅಮೆರಿಕದಲ್ಲಿ ವಿಜ್ಞಾನಿ ಜೆನ್ ಗು ಅವರ ತಂಡ 2020ರಲ್ಲಿ ಪ್ರಕಟಿಸಿದ ಪಟ್ಟಿಯ ಹೆಚ್ಚುಗಾರಿಕೆ ಆ ಸೂಜಿಗಳ ವಸ್ತುವಿನಲ್ಲಿದೆ. ಸಕ್ಕರೆ ಏರಿದಾಗ ಅದು ಉಬ್ಬಿ ಇನ್ಸುಲಿನ್ ಬಿಡುತ್ತದೆ, ಇಳಿದಾಗ ಹಿಡಿದುಕೊಳ್ಳುತ್ತದೆ. ನಾಣ್ಯದಗಲದ ಒಂದು ಪಟ್ಟಿ ಮಧುಮೇಹವಿರುವ ಕಿರುಹಂದಿಗಳ ಸಕ್ಕರೆಯನ್ನು ಸುಮಾರು 20 ಗಂಟೆ ಹತೋಟಿಯಲ್ಲಿಟ್ಟಿತು. ಮೇದೋಜೀರಕ ಗ್ರಂಥಿ ಮಾಡುವ ಕೆಲಸದ ಒಂದು ಪಾಲನ್ನು ಇಲ್ಲಿ ರಸಾಯನವೇ ಮಾಡುತ್ತಿದೆ. ನನ್ನ ಆಸೆ ನಿಂತಿರುವುದು ಇದರ ಮೇಲೆ.

ಇದೇ ಕೆಲಸಕ್ಕೆ ಸೆನ್ಸರ್ ಜೋಡಿಸಿದ ಇನ್ಸುಲಿನ್ ಪಂಪ್ ಇದೆಯಲ್ಲ ಎಂದು ಕೇಳಬಹುದು. ಇದೆ, ಅದನ್ನು ಕೊಳ್ಳಬಲ್ಲವರಿಗೆ. ಐಸಿಎಂಆರ್ ಅಧ್ಯಯನದ ಅಂದಾಜಿನಂತೆ ಭಾರತದಲ್ಲಿ ಮಧುಮೇಹಿಗಳು 10.1 ಕೋಟಿ. ಎಲ್ಲರಿಗೂ ಇನ್ಸುಲಿನ್ ಬೇಕಿಲ್ಲ, ನಿಜ. ಬೇಕಾದವರಲ್ಲಿ ಬಹುಪಾಲು ಮಂದಿಗೆ ಪಂಪ್ ಕೈಗೆಟುಕದು. ಹಂದಿಯಲ್ಲಿ ಗೆದ್ದದ್ದು ಮನುಷ್ಯನಲ್ಲಿ ಸೋಲಬಹುದು ಎಂಬ ಆಕ್ಷೇಪ ಇದಕ್ಕಿಂತ ಗಟ್ಟಿಯಾದದ್ದು. ಚರ್ಮದಡಿಯ ದ್ರವದಲ್ಲಿ ಸಕ್ಕರೆಯ ಏರಿಳಿತ ರಕ್ತಕ್ಕಿಂತ ಕೆಲವು ನಿಮಿಷ ತಡವಾಗಿ ಕಾಣುತ್ತದೆ. ಒಮ್ಮೆ ಹೊರಬಿದ್ದ ಇನ್ಸುಲಿನ್ ಹಿಂದಿರುಗಿ ಬಾರದು. ಬೆವರಿಗೆ ಪಟ್ಟಿ ಸಡಿಲವಾದರೆ, ದಿನವೂ ಅಂಟಿಸಿದ ಜಾಗ ಕೆರೆದರೆ ಏನು ಗತಿ? ಇವಕ್ಕೆ ಉತ್ತರ ಮನುಷ್ಯರ ಮೇಲಿನ ತಾಳ್ಮೆಯ ಪರೀಕ್ಷೆಯಿಂದಲೇ ಸಿಗಬೇಕು. ಆ ಪರೀಕ್ಷೆಯ ವರದಿಯಲ್ಲಿ ನೋವು ಎಷ್ಟು ಕಡಿಮೆಯಾಯಿತು ಎಂಬುದಕ್ಕಿಂತ ಮೊದಲು, ರಾತ್ರಿ ಎಷ್ಟು ಸಲ ಸಕ್ಕರೆ 70ಕ್ಕಿಂತ ಕೆಳಗಿಳಿಯಿತು ಎಂಬುದನ್ನು ನಾವು ಹುಡುಕಬೇಕು. ಆಮೇಲೆ, ಫ್ರಿಜ್ ಇಲ್ಲದ ಮನೆಯಲ್ಲಿ ಬೇಸಿಗೆಯ ಸೆಕೆಗೆ ಪಟ್ಟಿ ಎಷ್ಟು ದಿನ ತಾಳುತ್ತದೆ ಎಂಬುದನ್ನು.