ಕೊಳ್ಳುವ ಮುನ್ನ: ಡಬ್ಬಿ ಮೇಲಿನ ಅಂಕಕ್ಕೆ ಮರುಳಾಗಬೇಡಿ



ರೇಷ್ಮೆ ಸೀರೆ, ತಾಮ್ರದ ಹಂಡೆ, ಹೊಲಿಗೆ ಯಂತ್ರ ಕೊಳ್ಳುವುದರ ಬಗ್ಗೆ ಕೇಳಿ ಪತ್ರ ಬರೆಯುವವರು ನೀವು. ಈ ಸಲ ಬಂದಿರುವ ಪ್ರಶ್ನೆ ಮಾತ್ರ ಕಡಲಾಚೆಯದು. ಮಗಳ ಸಂಸಾರ ಅಮೆರಿಕದಲ್ಲಿರುವ ಓದುಗರೊಬ್ಬರು ಕೇಳಿದ್ದಾರೆ: "ಮುಂದಿನ ತಿಂಗಳು ಮಗಳ ಮನೆಗೆ ಹೊರಟಿದ್ದೇನೆ. ಹನ್ನೆರಡು ವರ್ಷದ ಮೊಮ್ಮಗ ಹುಟ್ಟುಹಬ್ಬಕ್ಕೆ ಹಳೇ ಬೇಸ್‌ಬಾಲ್ ಕಾರ್ಡು ಕೊಡಿಸು ಅಜ್ಜಿ ಅಂತಾನೆ. ಮುನ್ನೂರು ಡಾಲರ್ ಅಂತೆ! ಡಬ್ಬಿ ಮೇಲೆ ನಂಬರ್ ಹಾಕಿದ್ದಾರೆ, ಮೋಸ ಇರೋಲ್ಲ ಅಂತಾನೆ. ನಂಬಬಹುದಾ?"

ಮುನ್ನೂರು ಡಾಲರ್ ಅಂದರೆ ನಮ್ಮ ಲೆಕ್ಕದಲ್ಲಿ ಇಪ್ಪತ್ತೈದು ಸಾವಿರ ರೂಪಾಯಿ ದಾಟುತ್ತದೆ. ಅಂಗೈಯಗಲದ ರಟ್ಟಿಗೆ ಇಷ್ಟು ದುಡ್ಡು ಹಾಕುವ ಮುಂಚೆ ಕೇಳಿದ್ದು ಒಳ್ಳೆಯದೇ ಆಯಿತು. ನಂಬಬಹುದು, ಆದರೆ ಕಣ್ಣು ಮುಚ್ಚಿಕೊಂಡು ಅಲ್ಲ.

ಏನಿದು ಕಾರ್ಡು?

ಬೇಸ್‌ಬಾಲ್ ನಮ್ಮ ಕ್ರಿಕೆಟ್ಟಿಗೆ ದೂರದ ದಾಯಾದಿ ಇದ್ದ ಹಾಗೆ. ಆಟಗಾರರ ಚಿತ್ರವಿರುವ ಈ ಕಾರ್ಡುಗಳು ಮೊದಲು ಸಿಗರೇಟು ಪೊಟ್ಟಣದಲ್ಲಿ, ಆಮೇಲೆ ಮಕ್ಕಳ ಬಬಲ್ ಗಮ್ ಜೊತೆ ಬರುತ್ತಿದ್ದವು. ನಮ್ಮ ಹುಡುಗರೂ ಬೆಂಕಿಪೊಟ್ಟಣದ ಚಿತ್ರ ಕೂಡಿಡುತ್ತಿರಲಿಲ್ಲವೇ? ಅಲ್ಲಿನ ಹುಡುಗರು ರಬ್ಬರ್ ಬ್ಯಾಂಡ್ ಸುತ್ತಿ ಜೇಬಿನಲ್ಲಿ ತುರುಕಿದರು, ಸೈಕಲ್ ಚಕ್ರದ ಕಡ್ಡಿಗೆ ಸಿಕ್ಕಿಸಿ ಟರ್ ಟರ್ ಸದ್ದು ಮಾಡಿಸಿದರು. ಉಳಿದದ್ದನ್ನು ಅಮ್ಮಂದಿರು ಮನೆ ಚೊಕ್ಕಟ ಮಾಡುವಾಗ ಕಸಕ್ಕೆ ಹಾಕಿದರು. ಹಾಗಾಗಿ ಹಳೆಯ ಕಾರ್ಡು, ಅದರಲ್ಲೂ ಹೊಸದರಂತೆ ಉಳಿದದ್ದು, ಅಪರೂಪವಾಯಿತು. ಮಿಕಿ ಮ್ಯಾಂಟಲ್ ಎಂಬ ಆಟಗಾರನ 1952ರ ಟಾಪ್ಸ್ ಕಾರ್ಡೊಂದು 2022ರ ಹರಾಜಿನಲ್ಲಿ 1 ಕೋಟಿ 26 ಲಕ್ಷ ಡಾಲರ್‌ಗೆ ಹೋಯಿತು. ಅದೇ ಕಾರ್ಡು ಸವೆದು ಸುಕ್ಕಾಗಿದ್ದರೆ ಇದರಲ್ಲಿ ಒಂದು ಚೂರು ಬೆಲೆಯೂ ಬರುವುದಿಲ್ಲ. ಬೆಲೆಯೆಲ್ಲ ಇರುವುದು ಸ್ಥಿತಿಯಲ್ಲಿ.

ಅಂಕ ಕೊಡುವವರು ಯಾರು?

ಪಿ.ಎಸ್.ಎ., ಎಸ್.ಜಿ.ಸಿ., ಬೆಕೆಟ್ ಎಂಬ ಕಂಪನಿಗಳಿವೆ. ಶುಲ್ಕ ಕಟ್ಟಿ ಕಾರ್ಡು ಕಳಿಸಿದರೆ ಅವರು ಪರೀಕ್ಷೆ ಮಾಡಿ, 1ರಿಂದ 10ರವರೆಗೆ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಬೆಸೆದು ವಾಪಸ್ ಕಳಿಸುತ್ತಾರೆ. ಅವರು ನೋಡುವುದು ನಾಲ್ಕು ಸಂಗತಿ: ಚಿತ್ರ ನಟ್ಟನಡುವೆ ಇದೆಯೇ, ಮೂಲೆಗಳು ಚೂಪಾಗಿವೆಯೇ, ಅಂಚು ಸವೆದಿದೆಯೇ, ಮೈ ಶುದ್ಧವಾಗಿದೆಯೇ.

ಇದು ಉಪಯೋಗದ ಏರ್ಪಾಡೇ. ಆದರೆ ಚಿನ್ನದ ಹಾಲ್‌ಮಾರ್ಕ್ ಥರದ್ದಲ್ಲ. ಚಿನ್ನದ ಶುದ್ಧತೆಯನ್ನು ಯಂತ್ರ ಅಳೆಯುತ್ತದೆ. ಇಲ್ಲಿಯ ಅಂಕ, ನೋಡಿದವರ ಕಣ್ಣಿಗೆ ಆ ದಿನ ಕಂಡದ್ದು. ಕಣ್ಣು ತಪ್ಪುವುದೂ ಉಂಟು. ಹೋನಸ್ ವ್ಯಾಗ್ನರ್ ಎಂಬ ಆಟಗಾರನ 1909ರ ಸುಮಾರಿನ ಸಿಗರೇಟು ಕಾರ್ಡು ಲೋಕಪ್ರಸಿದ್ಧ. ಅದರಲ್ಲಿ ಒಂದಕ್ಕೆ ಪಿ.ಎಸ್.ಎ. 8 ಅಂಕ ಕೊಟ್ಟಿತ್ತು. 2007ರಲ್ಲಿ ಅದು 28 ಲಕ್ಷ ಡಾಲರ್‌ಗೆ ಮಾರಾಟವಾಯಿತು. ಆದರೆ ಹಿಂದೆ ಅದನ್ನು ಮಾರಿದ್ದ ಬಿಲ್ ಮ್ಯಾಸ್ಟ್ರೋ ಎಂಬ ವ್ಯಾಪಾರಿ, ಅದರ ಅಂಚು ಕತ್ತರಿಸಿ ಚೂಪು ಮಾಡಿದ್ದು ತಾನೇ ಎಂದು 2013ರಲ್ಲಿ ನ್ಯಾಯಾಲಯದಲ್ಲಿ ಒಪ್ಪಿಕೊಂಡ! ಬೆಳ್ಳಗಿರೋದೆಲ್ಲ ಹಾಲಲ್ಲ ಅಂತ ನಮ್ಮ ಹಿರಿಯರು ಸುಮ್ಮನೆ ಹೇಳಲಿಲ್ಲ. ಆದ್ದರಿಂದಲೇ ಅಲ್ಲಿನ ಅನುಭವಸ್ಥರು ಹೇಳುವುದು ಒಂದೇ ಮಾತು: ಡಬ್ಬಿಯನ್ನಲ್ಲ, ಕಾರ್ಡನ್ನು ಕೊಳ್ಳಿ.

ನೀವೇ ಪರೀಕ್ಷೆ ಮಾಡುವ ಬಗೆ

ಬೇಕಾದ ಸಾಮಾನು ಹೆಚ್ಚೇನಿಲ್ಲ: ಒಂದು ಭೂತಗನ್ನಡಿ, ಒಂದು ಸಣ್ಣ ಅಳತೆಪಟ್ಟಿ, ಒಳ್ಳೆಯ ಬೆಳಕು.

ಮೊದಲು ಡಬ್ಬಿ. ಚೀಟಿಯಲ್ಲಿ ಉದ್ದನೆಯ ನಂಬರ್ ಇರುತ್ತದೆ. ಅದನ್ನು ಆ ಕಂಪನಿಯ ವೆಬ್‌ಸೈಟಿನಲ್ಲಿ ಹಾಕಿ ನೋಡಲು ಮೊಮ್ಮಗನಿಗೆ ಹೇಳಿ. ನಂಬರ್ ಸಿಕ್ಕಿತು ಅಂತ ಅಲ್ಲಿಗೇ ನಿಲ್ಲಿಸಬೇಡಿ. ನಿಜವಾದ ನಂಬರನ್ನು ನಕಲಿ ಡಬ್ಬಿಗೆ ಹಾಕುವವರೂ ಇದ್ದಾರೆ. ಅಲ್ಲಿ ಕಾರ್ಡಿನ ಫೋಟೋ ಇದ್ದರೆ ಇದೇ ಕಾರ್ಡೇ ಎಂದು ಚುಕ್ಕಿ, ಕಲೆ, ಅಂಚು ಸಮೇತ ಹೋಲಿಸಿ. ಡಬ್ಬಿಯ ಬೆಸುಗೆ ಬಿಳಿಚಿಕೊಂಡು ಒಡೆದಂತಿದ್ದರೆ ಬಿಚ್ಚಿ ಮುಚ್ಚಿರಬಹುದು. ಅಂಥದ್ದು ಬೇಡವೇ ಬೇಡ.

ಎರಡನೆಯದು ಚೀಟಿಯಲ್ಲಿರುವ ಸಣ್ಣ ಅಕ್ಷರಗಳು. ಪಿ.ಎಸ್.ಎ. ಚೀಟಿಯಲ್ಲಿ 8ರ ಪಕ್ಕ 'ಓಸಿ' ಅಂತಿದ್ದರೆ ಚಿತ್ರ ಒಂದು ಕಡೆಗೆ ಸರಿದಿದೆ ಎಂದರ್ಥ. 'ಎಸ್‌ಟಿ' ಅಂದರೆ ಕಲೆ, 'ಎಂಕೆ' ಅಂದರೆ ಪೆನ್ನು ಪೆನ್ಸಿಲಿನ ಗುರುತು, 'ಪಿಡಿ' ಅಂದರೆ ಮುದ್ರಣದ ದೋಷ. ಇವುಗಳ ಬೆಲೆ ಬರೀ 8ರ ಬೆಲೆಗಿಂತ ಕಡಿಮೆ ಇರಬೇಕು. ಅಂಕವೇ ಇಲ್ಲದೆ 'ಅಥೆಂಟಿಕ್' ಅಂತ ಮಾತ್ರ ಇದ್ದರೆ ಕಾರ್ಡು ಅಸಲಿ, ಆದರೆ ಯಾರೋ ಕೈಯಾಡಿಸಿರಬಹುದು. ಯಾಕೆ ಅಂಕವಿಲ್ಲ ಅಂತ ಕೇಳಿಯೇ ಮುಂದುವರಿಯಿರಿ.

ಮೂರನೆಯದು ಚಿತ್ರದ ನಡು. ಎಡಗಡೆಯ ಬಿಳಿ ಅಂಚು 3 ಮಿಲಿಮೀಟರ್, ಬಲಗಡೆಯದು 2 ಎಂದಿಟ್ಟುಕೊಳ್ಳಿ. ಒಟ್ಟು 5ರಲ್ಲಿ 3 ಮತ್ತು 2, ಅಂದರೆ 60-40. ಮೇಲೆ ಕೆಳಗೂ ಹೀಗೇ ಅಳೆಯಿರಿ. 50-50ಕ್ಕೆ ಹತ್ತಿರವಿದ್ದಷ್ಟೂ ಕಣ್ಣಿಗೆ ಚೆನ್ನ.

ನಾಲ್ಕನೆಯದು ಮೈ. ರೇಷ್ಮೆ ಸೀರೆಯನ್ನು ಬಿಚ್ಚಿ ಬೆಳಕಿಗೆ ಹಿಡಿದು, ಮಡಿಕೆಯಲ್ಲಿ ನೂಲು ಬಿಟ್ಟಿದೆಯೇ ನೋಡುವುದಿಲ್ಲವೇ? ಇದೂ ಹಾಗೆಯೇ. ನೇರ ನೋಡಿದರೆ ಕಾಣದ ಸುಕ್ಕು, ಡಬ್ಬಿಯನ್ನು ಓರೆ ಮಾಡಿ ಬೆಳಕು ಹರಿಸಿದಾಗ ಕೂದಲೆಳೆಯ ಹಾಗೆ ಕಾಣುತ್ತದೆ. ಹಿಂಬದಿಯನ್ನು ಮರೆಯಬೇಡಿ, ಬಬಲ್ ಗಮ್ಮಿನ ಕಂದು ಕಲೆ, ಹೊದಿಕೆಯ ಮೇಣದ ಜಿಡ್ಡು, ಆಲ್ಬಮ್ಮಿನ ಗೋಂದು ಅಲ್ಲೇ ಸಿಗುವುದು.

ಐದನೆಯದು, ಬಹಳ ಮುಖ್ಯವಾದದ್ದು: ವಯಸ್ಸು ಎಲ್ಲ ಕಡೆ ಒಂದೇ ಥರ ಆಗಿದೆಯೇ? ಮುಖವೆಲ್ಲ ಸುಕ್ಕಾಗಿ ಕೂದಲು ಮಾತ್ರ ಕಡುಕಪ್ಪಾಗಿದ್ದರೆ ನಾವು ಏನಂದುಕೊಳ್ಳುತ್ತೇವೆ? ಮೈ ಉಜ್ಜಿಹೋಗಿದ್ದು ಅಂಚು ಮಾತ್ರ ಚಾಕುವಿನಂತೆ ಚೂಪಾಗಿದ್ದರೆ ಕತ್ತರಿ ಆಡಿಸಿರಬಹುದು. ಅಳತೆಯೂ ಸುಳಿವು ಕೊಡುತ್ತದೆ. 1957ರಿಂದ ಈಚಿನ ಟಾಪ್ಸ್ ಕಾರ್ಡು ಸಾಮಾನ್ಯವಾಗಿ ಎರಡೂವರೆ ಇಂಚು ಅಗಲ, ಮೂರೂವರೆ ಇಂಚು ಉದ್ದ; 1952ರಿಂದ 1956ರವರೆಗಿನದು ಇದಕ್ಕಿಂತ ಸ್ವಲ್ಪ ದೊಡ್ಡದು. 1971ರ ಟಾಪ್ಸ್ ಕಾರ್ಡಿಗೆ ಕಪ್ಪು ಅಂಚು. ಸ್ವಲ್ಪ ತಾಗಿದರೂ ಬಿಳಿ ರಟ್ಟು ಇಣುಕುತ್ತದೆ, ಅದನ್ನು ಶಾಯಿಯಿಂದ ಮುಚ್ಚುವವರಿದ್ದಾರೆ. ಭೂತಗನ್ನಡಿ ಹಿಡಿದರೆ ಬಣ್ಣ ಮೆತ್ತಿದ್ದು ಗೊತ್ತಾಗುತ್ತದೆ.

ಒಂದೇ ಅಂಕ, ಎರಡು ಕಾರ್ಡು

ಇಲ್ಲೇ ಅಜ್ಜಿಯ ಜಾಣತನ ಕೆಲಸಕ್ಕೆ ಬರುವುದು. 4 ಅಂಕದ ಎರಡು ಕಾರ್ಡು ಇವೆ ಎನ್ನಿ. ಒಂದರ ಮೂಲೆಗಳು ಸವೆದಿವೆ, ಆದರೆ ಬಣ್ಣ ತಾಜಾ, ಚಿತ್ರ ನಟ್ಟನಡುವೆ. ಇನ್ನೊಂದರ ಮೂಲೆ ಪರವಾಗಿಲ್ಲ, ಆದರೆ ಆಟಗಾರನ ಮುಖದ ಮೇಲೇ ಸಣ್ಣ ಮಡಿಕೆ. ಚೀಟಿಯ ಮಟ್ಟಿಗೆ ಎರಡೂ ಒಂದೇ. ದಿನಾ ನೋಡಿ ಸಂತೋಷಪಡುವ ಹುಡುಗನಿಗೆ ಮೊದಲಿನದೇ ಸರಿ. 8ಕ್ಕೂ 9ಕ್ಕೂ ಕಣ್ಣಿಗೆ ಕಾಣುವ ವ್ಯತ್ಯಾಸ ಸಾಸಿವೆಯಷ್ಟು, ಬೆಲೆಯ ವ್ಯತ್ಯಾಸ ಎಷ್ಟೋ ಪಾಲು. ಆ ಒಂದು ಅಂಕಕ್ಕೆ ದುಡ್ಡು ಸುರಿಯುವ ಬದಲು, ಕಡಿಮೆ ಅಂಕದ, ನೋಡಲು ಚೆಂದದ ಕಾರ್ಡು ಹುಡುಕಿ.

ಬೆಲೆ ಗೊತ್ತುಮಾಡುವಾಗ ಮಾರುವವರು ಕೇಳುವ ಬೆಲೆ ನೋಡಬೇಡಿ. ಅದೇ ಕಾರ್ಡು, ಅದೇ ಅಂಕ, ಇತ್ತೀಚೆಗೆ ನಿಜವಾಗಿ ಎಷ್ಟಕ್ಕೆ ಮಾರಾಟವಾಗಿದೆ ಎಂದು ನೋಡಿ. ಕಾಗದದ ಮೇಲೆ ಬರೆದು ತೋರಿಸಲು ಮೊಮ್ಮಗನಿಗೇ ಹೇಳಿ, ಅವನಿಗೂ ಲೆಕ್ಕ ಬಂದ ಹಾಗಾಯಿತು. ಫೋಟೋ ಮಾತ್ರ ನೋಡಿ ಕೊಳ್ಳುವುದಾದರೆ ಮುಂದೆ, ಹಿಂದೆ, ಓರೆ ಬೆಳಕಿನಲ್ಲಿ ತೆಗೆದ ಫೋಟೋ ಕೇಳಿ. ಕೊಡಲು ಹಿಂದೆಮುಂದೆ ನೋಡುವವರ ಹತ್ತಿರ ವ್ಯಾಪಾರ ಬೇಡ.

ಇನ್ನೊಂದು ಮಾತು. ಇದನ್ನು ಬಂಗಾರದ ಹಾಗೆ ಕಷ್ಟಕಾಲಕ್ಕೆ ಅಂತ ಕೊಳ್ಳಬೇಡಿ. ಕೊರೋನಾ ಕಾಲದಲ್ಲಿ, 2020-21ರಲ್ಲಿ, ಕಾರ್ಡುಗಳ ಬೆಲೆ ಆಕಾಶಕ್ಕೇರಿ ಆಮೇಲೆ ಎಷ್ಟೋ ಕಾರ್ಡುಗಳದ್ದು ಇಳಿದುಹೋಯಿತು. 1980ರ ದಶಕದ ಕೊನೆಯಲ್ಲಿ ಲೆಕ್ಕವಿಲ್ಲದಷ್ಟು ಅಚ್ಚಾದ ಕಾರ್ಡುಗಳಲ್ಲಿ ಬಹುಪಾಲನ್ನು ಇವತ್ತಿಗೂ ಕೇಳುವವರಿಲ್ಲ. ಹಳೆಯದೆಲ್ಲ ಬೆಲೆಯುಳ್ಳದ್ದಲ್ಲ.

ಹಾಗಂತ ಮಗುವಿನ ಆಸೆಗೆ ತಣ್ಣೀರು ಎರಚಬೇಡಿ. ಪಕ್ಕದಲ್ಲಿ ಕೂತು ಭೂತಗನ್ನಡಿ ಅವನ ಕೈಗೇ ಕೊಟ್ಟು, "ಚೀಟಿ ಇರಲಿ ಪುಟ್ಟಾ, ನಿನ್ನ ಕಣ್ಣಿಗೆ ಏನು ಕಾಣುತ್ತೆ ಹೇಳು" ಅನ್ನಿ. ಇನ್ನೊಬ್ಬರು ಅಂಟಿಸಿದ ಅಂಕವನ್ನು ನಂಬುವ ಮೊದಲು ತಾನೇ ನೋಡುವ ಅಭ್ಯಾಸ ಹತ್ತಿದರೆ, ನಾಳೆ ಮನೆ ಕೊಳ್ಳುವಾಗಲೂ ಆ ಹುಡುಗ ಮೋಸಹೋಗಲಾರ.

ಮುಂದಿನ ಸಂಚಿಕೆಯಲ್ಲಿ: ಹಳೇ ಹಿತ್ತಾಳೆ ಪಾತ್ರೆ ಕೊಳ್ಳುವಾಗ ಏನೇನು ನೋಡಬೇಕು?